ಹಸಿದವರನ್ನು ಕಾಯಿಸುವ ಕಂಪ್ಯೂಟರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ರಕ್ತಪರೀಕ್ಷಾ ಕೇಂದ್ರದ ಕೌಂಟರಿನ ಮೇಲೆ ಎಂಟು ವರ್ಷಗಳಿಂದ ವಿರಾಜಮಾನರಾಗಿ, ಬಂದವರ ಹೆಸರು, ವಯಸ್ಸು ನೆನಪಿಟ್ಟುಕೊಂಡು, ರಕ್ತದ ಕೊಳವೆಗಳಿಗೆ ಚೀಟಿ ಮುದ್ರಿಸಿಕೊಡುತ್ತಿರುವ ತಮಗೆ, ಅಷ್ಟೇ ವರ್ಷ ತಮ್ಮೆದುರಿನ ಕುರ್ಚಿಯನ್ನು ಸವೆಸಿರುವ ಕೌಂಟರಿನವಳ ಅನಂತ ನಮಸ್ಕಾರಗಳು. ಇಂದು ಬೆಳಿಗ್ಗೆ ಏಳಕ್ಕೆ ತಮ್ಮ ಗುಂಡಿ ಒತ್ತಿ ಈ ಪತ್ರ ಬರೆಯಲು ಕೂತಿದ್ದೇನೆ. ಬರೆದು, ಓದಿ, ತಿದ್ದಿ ಮುಗಿಸುವವರೆಗೂ ತಾವು ಏಳಲಾರಿರಿ ಎಂಬ ಭರವಸೆಯಿಂದ ಅಕ್ಷರಗಳನ್ನು ದುಂಡಗೆ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದಿನವರೆಗೆ ತಾವು ಅರ್ಧ ನಿಮಿಷದಲ್ಲಿ ಕಣ್ಣುಬಿಡುತ್ತಿದ್ದಿರಿ. ಅದು ಆತುರಗೇಡಿ ಸ್ವಭಾವವೆಂದು ತಮಗೇ ಅನ್ನಿಸಿರಬೇಕು, ಈಗ ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತೀರಿ. ಹಿಂದಿನ ಸಂಜೆಯಿಂದ ಏನೂ ತಿನ್ನದೆ ಸಕ್ಕರೆ ಪರೀಕ್ಷೆಗೆ ಬಂದು ಬೆಂಚಿನಲ್ಲಿ ಸಾಲಾಗಿ ಕೂತವರ ಮುಂದೆ, ಕಪ್ಪು ಪರದೆಯ ನಡುವೆ ಆ ಪುಟ್ಟ ಚಕ್ರವನ್ನು ತಾವು ತಿರುಗಿಸುವ ಗಾಂಭೀರ್ಯವಿದೆಯಲ್ಲ, ಅದು ಯಾವ ದೊಡ್ಡ ಅಧಿಕಾರಿಗೂ ಒಲಿದಿಲ್ಲ. ಕೈಯಲ್ಲಿ ಚೀಟಿ ಬರೆದರೆ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋದೀತೆಂದು ನಮ್ಮ ಯಜಮಾನಿ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿರುವುದರಿಂದ, ತಾವು ಏಳುವ ತನಕ ಸೂಜಿ ಏಳುವಂತಿಲ್ಲ, ಸೂಜಿ ಏಳುವ ತನಕ ಯಾರೂ ತಿಂಡಿಗೆ ಏಳುವಂತಿಲ್ಲ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮಗೆ ಗೊತ್ತು, ವಾರವಾರವೂ ಬರುವವರು. "ಏನಮ್ಮಾ, ಇದು ಏಳೋದ್ರೊಳಗೆ ನನ್ನ ಸಕ್ಕರೆ ತಾನಾಗೇ ಇಳ್ದುಹೋಗುತ್ತೆ, ಆಮೇಲೆ ಪರೀಕ್ಷೆ ಯಾಕೆ?" ಎಂದು ನಗಿಸುತ್ತಿದ್ದರು. ಕಳೆದ ಮಂಗಳವಾರ ತಾವು ಹದಿನೈದನೆಯ ನಿಮಿಷದಲ್ಲಿದ್ದಾಗ ಅವರು ಮಾತು ನಿಲ್ಲಿಸಿದರು, ಬೆವರಿದರು, ಗೋಡೆಗೆ ಒರಗಿದವರು ಹಾಗೇ ಕೆಳಕ್ಕೆ ಜಾರಿದರು. ರಕ್ತ ತೆಗೆಯುವ ನಮ್ಮ ಸೂಜಿಯಕ್ಕ ಗ್ಲೂಕೋಸ್ ನೀರು ಕುಡಿಸಿ ಎಬ್ಬಿಸಿದರು. ಆ ಕ್ಷಣಕ್ಕೆ ಸರಿಯಾಗಿ ತಾವು "ಸುಸ್ವಾಗತ" ಎಂದು ಬೆಳಗಿದಿರಿ. ಅಂಥ ಸಮಯಪ್ರಜ್ಞೆಗೆ ಏನೆಂದು ಹೇಳಲಿ!

ಡಾಕ್ಟರಮ್ಮ ಅಂದೇ ನನ್ನನ್ನು ಒಳಗೆ ಕರೆದರು. "ಯಾಕೆ ಹೀಗಾಯ್ತು ಅಂತ ಈ ಶನಿವಾರ ಮಧ್ಯಾಹ್ನದೊಳಗೆ ಬರೆದುಕೊಡು. ಇಲ್ಲಾಂದ್ರೆ ಅದನ್ನೂ ಬದಲಾಯಿಸ್ತೀನಿ, ನಿನ್ನನ್ನೂ." ಇಂದು ಶನಿವಾರ. ಎಂಟು ವರ್ಷದ ಜೊತೆಗಾರಿಕೆಗೆ ಕೊನೆಗೂ ಒಂದು ಮನ್ನಣೆ ಸಿಕ್ಕಿತೆಂದು ತಾವು ಹಿಗ್ಗಬಹುದು. ನನ್ನ ಮನೆಯಲ್ಲಿ ಮೂರು ಜನ ನನ್ನ ಈ ಕುರ್ಚಿಯನ್ನೇ ನಂಬಿಕೊಂಡಿರುವುದರಿಂದ ನನಗೆ ಅಷ್ಟು ಹಿಗ್ಗಲಾಗುತ್ತಿಲ್ಲ.

ಹೀಗಾಗಿ ನಿನ್ನೆ ಸಂಜೆ ರಿಪೇರಿ ಮಾಡುವ ಹುಡುಗಿಯನ್ನು ಕರೆಸಿದೆ. ಅವಳು ತಮ್ಮ ಹೊಟ್ಟೆಯೊಳಗೆ ಅರ್ಧ ಗಂಟೆ ಇಣುಕಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ತಮ್ಮ ಡಿಸ್ಕಿನಲ್ಲಿ ಹೆಸರಿಲ್ಲದ, ಕಡತವಿಲ್ಲದ ಒಂದು ಸಣ್ಣ ಭಾಗವಿತ್ತಂತೆ, ಅದನ್ನು ಎರಡು ತಿಂಗಳ ಹಿಂದೆ ಯಾರೋ ಅಳಿಸಿದ್ದಾರಂತೆ. ತಮ್ಮ ಹಾಜರಿ ಪಟ್ಟಿಯಲ್ಲಿ ಮಾತ್ರ ಅದರ ಕ್ರಮಸಂಖ್ಯೆ ಇನ್ನೂ ಇದೆ. ಆದ್ದರಿಂದ ತಾವು ದಿನಾ ಬೆಳಿಗ್ಗೆ ಅದನ್ನು ಕೂಗಿ ಕರೆದು, ಬಂದೀತೆಂದು ಕಾಯುತ್ತೀರಿ. ನಾನು ತಾಳ್ಮೆಗೆಟ್ಟು ಗುಂಡಿಯನ್ನು ಅದುಮಿ ಹಿಡಿದು ತಮ್ಮನ್ನು ಆರಿಸುತ್ತೇನೆ. ಆಗ ತಾವು ಏಟು ತಿಂದವರಂತೆ ಮೈಯೆಲ್ಲ ತಡವಿಕೊಂಡು, ಇಡೀ ಡಿಸ್ಕನ್ನು ತಪಾಸಣೆ ಮಾಡಿಕೊಂಡೇ ಏಳುತ್ತೀರಿ. "ಅಕ್ಕಾ, ಕಾಯೋದು ಒಂದೂವರೆ ನಿಮಿಷ ಅಷ್ಟೇ. ಮಿಕ್ಕಿದ್ದೆಲ್ಲ ನಿಮ್ಮ ಬೆರಳಿನ ಕೃಪೆ" ಎಂದಳು. ಆ ಮಟ್ಟಿಗೆ ತಪ್ಪು ನನ್ನದೂ ಹೌದು, ಒಪ್ಪಿಕೊಂಡಿದ್ದೇನೆ. ಇಂದು ಬೆರಳನ್ನು ಪೆನ್ನಿಗೆ ಕಟ್ಟಿಹಾಕಿದ್ದರೂ ನಿನ್ನೆ ರಾತ್ರಿ ಹೋಗುವಾಗ ಅಭ್ಯಾಸಬಲದಿಂದ ಅದುಮಿ ಆರಿಸಿದ್ದರ ಬಡ್ಡಿಯನ್ನು ತಾವು ವಸೂಲು ಮಾಡುತ್ತಿದ್ದೀರಿ.

ಇನ್ನು ಆ ಭಾಗವನ್ನು ಅಳಿಸಿದ ಪುಣ್ಯಾತ್ಮರ ವಿಷಯ. ತಮ್ಮಲ್ಲಿ ಸಿನಿಮಾ ತುಂಬಿಸಿಡಲು ಜಾಗ ಸಾಲದೆ, "ಇದ್ಯಾವುದೋ ದಂಡಪಿಂಡ, ಸುಮ್ನೆ ಜಾಗ ತಿಂತಾ ಕೂತಿದೆ" ಎಂದು ಅವರು ಅದನ್ನು ಒರೆಸಿಹಾಕಿದ್ದನ್ನು ನಾನೂ ಸೂಜಿಯಕ್ಕನೂ ಕಣ್ಣಾರೆ ಕಂಡೆವು. ಆದರೆ ಡಾಕ್ಟರಮ್ಮನನ್ನು "ಅಕ್ಕಾ" ಎಂದು ಕರೆಯುತ್ತಲೇ ಬೆಳೆದವರ ಮೇಲೆ, ಡಾಕ್ಟರಮ್ಮನಿಗೇ ದೂರು ಬರೆಯುವುದು ಹೇಗೆ? ಹಿಂದೊಮ್ಮೆ ಅವರು ಫ್ರಿಜ್ಜಿನ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕಿದಾಗ, ಹಾಗೆಂದು ಬಾಯಿಬಿಟ್ಟ ಕಾವಲುಗಾರ ಈಗ ಬೇರೆ ಕಡೆ ಕಾಯುತ್ತಿದ್ದಾನೆ. ಆದಕಾರಣ ನನ್ನ ದೂರೆಲ್ಲ ತಮ್ಮ ಮೇಲೆಯೇ.

ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಹಾಜರಿ ಪಟ್ಟಿಯ ಆ ಒಂದು ಸಾಲು ತೆಗೆಯಲು ಡಾಕ್ಟರಮ್ಮ ಮಾತ್ರ ಬಲ್ಲ ಪಾಸ್‌ವರ್ಡ್ ಬೇಕಂತೆ. ಅದನ್ನು ಕೇಳಲು ಹೋದರೆ "ಯಾಕೆ" ಎಂಬ ಪ್ರಶ್ನೆ ಬರುವುದರಿಂದ, ತಾವೇ ದೊಡ್ಡ ಮನಸ್ಸು ಮಾಡಿ ಮರೆವಿನ ಕಾಯಿಲೆಯೊಂದನ್ನು ತರಿಸಿಕೊಳ್ಳಬೇಕು. ಅದಾಗದಿದ್ದರೆ ಹಸಿವನ್ನು ಹದಿನೆಂಟು ನಿಮಿಷ ತಡೆಹಿಡಿಯುವ ಗುಂಡಿಯೊಂದನ್ನು ತಮ್ಮ ಕೀಬೋರ್ಡಿಗೆ ಸೇರಿಸಬೇಕು. ಅದೂ ಆಗದಿದ್ದರೆ ಮೇಷ್ಟ್ರು ಮುಂದಿನ ಸಲ ಜಾರುವಾಗ ಗೋಡೆಯ ಕಡೆಗಲ್ಲದೆ ತಮ್ಮ ಕಡೆಗೇ ಜಾರುವಂತೆ ನೋಡಿಕೊಳ್ಳಬೇಕು.

ಈ ಪತ್ರವನ್ನು ಡಾಕ್ಟರಮ್ಮ ಕೇಳಿದ ವಿವರಣೆಯಾಗಿ ಅವರ ಮೇಜಿನ ಮೇಲಿಟ್ಟು, ಒಂದು ಪ್ರತಿಯನ್ನು ಬೆಂಚಿನ ಎದುರಿನ ಸೂಚನಾ ಫಲಕಕ್ಕೂ ಅಂಟಿಸುತ್ತಿದ್ದೇನೆ. ಓದಲು ಜನರಿಗೆ ಪುರುಸೊತ್ತಿದೆ.

ಕುರ್ಚಿ ಇರುವವರೆಗೂ
ತಮ್ಮ ವಿಶ್ವಾಸಿ,
ಕೌಂಟರಿನವಳು

ಮರೆತ ಮಾತು: ರಿಪೇರಿ ಹುಡುಗಿ ತಮ್ಮ ಹೊಟ್ಟೆಯಿಂದ ತೆಗೆದ ಒಂದು ಹಾಳೆಯನ್ನೂ ಇದಕ್ಕೆ ಲಗತ್ತಿಸಿದ್ದೇನೆ. ಅಳಿಸಿದ ದಿನ, ಗಂಟೆ, ಮತ್ತು ಅಳಿಸಿದವರು ತಮ್ಮಲ್ಲಿ ಸ್ವತಃ ಮುತುವರ್ಜಿಯಿಂದ ನೋಂದಾಯಿಸಿಕೊಂಡಿದ್ದ "ಚಿಕ್ಕ ಯಜಮಾನ್ರು" ಎಂಬ ಹೆಸರು ಅದರಲ್ಲಿ ಸ್ಪಷ್ಟವಾಗಿದೆ. ನಾನು ಯಾರ ಹೆಸರನ್ನೂ ಹೇಳಿಲ್ಲ, ಹೇಳಿದವರು ತಾವು. ಕೆಲಸದಿಂದ ತೆಗೆಯುವುದಿದ್ದರೆ ಡಾಕ್ಟರಮ್ಮ ತಮ್ಮನ್ನೇ ತೆಗೆಯಲಿ.