ಆರಿನ್‌ನ ಕತ್ತಲಿಗೆ ನಾನು ಬರೆದ ವಿಮರ್ಶೆ

ನನ್ನ ಗಂಡ ಆರಿನ್ ಟೈ ಕಟ್ಟಿಕೊಂಡು ಸಿನಿಮಾಕ್ಕೆ ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ಮೂವತ್ತು ವರ್ಷ ಲ್ಯಾಟಿನ್ ಕಲಿಸಿದವಳಿಗೆ ಕಣ್ಣೆದುರಿನದು ಕಾಣುವುದು ಕಡಿಮೆ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮಾತು. ಸಿನಿಮಾ ಸ್ಟುಡಿಯೋದಲ್ಲಿ ದೀಪಗಳ ಮೇಸ್ತ್ರಿಯಾಗಿದ್ದ ಅವನು ಆಗಷ್ಟೇ ನಿವೃತ್ತನಾಗಿದ್ದ. ನಾನು ಬಡಾವಣೆಯ ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯುತ್ತಿದ್ದೆ. ಅಂದಿನ ಚಿತ್ರ 'ಬುಧವಾರದ ಸಾಕ್ಷಿ'. ಸುಕ್ಕುಗಟ್ಟಿದ ಕೋಟಿನ ಖಾಸಗಿ ಪತ್ತೇದಾರನೊಬ್ಬ ಲಾಸ್ ಏಂಜಲೀಸ್ ತುಂಬ ಸಿಗರೇಟು ಸೇದಿ, ಸುಳ್ಳುಗಾರ್ತಿ ವಿಧವೆಯೊಬ್ಬಳನ್ನು ನಂಬಿ, ಕೊನೆಗೆ ಯಾರನ್ನೂ ಹಿಡಿಯದೆ ಮನೆಗೆ ಹೋಗುತ್ತಾನೆ. (ಅಷ್ಟನ್ನು ನಾನೂ ಮಾಡಬಲ್ಲೆ, ಸಿಗರೇಟಿಲ್ಲದೆ.)

ಸ್ಟುಡಿಯೋಗಳನ್ನೇ ನಂಬಿದ ನಮ್ಮೂರಲ್ಲಿ ಚಿತ್ರ ಮುಗಿದರೂ ಯಾರೂ ಏಳುವುದಿಲ್ಲ. ಕೊನೆಗೆ ಬರುವ ಹೆಸರುಗಳಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಭಾವಮೈದುನ ಇರುತ್ತಾನೆ. ನಾನು ಎದ್ದೆ.

"ಸ್ವಲ್ಪ ಕೂತ್ಕೊಳ್ಳೇ, ಲವೀನಿಯಾ."

"ಆಮೇಲೆ ಕಾರು ತೆಗೆಯೋಕೆ ಅರ್ಧ ಗಂಟೆ ಬೇಕು. ಏಳು!"

ಅವನು ಎದ್ದ.

'ಚಿತ್ರದ ತುಂಬ ಕತ್ತಲು; ಬೆಳಕು ಮಾಡಿದ ಮಹಾನುಭಾವನಿಗೆ ಪ್ರೇಕ್ಷಕರ ಮೇಲೆ ಹಳೆಯ ದ್ವೇಷವಿರಬೇಕು' ಎಂದು ಬರೆದೆ. ಆರಿನ್‌ನೇ ಅದನ್ನು ಪತ್ರಿಕೆಯ ಕಚೇರಿಗೆ ಮುಟ್ಟಿಸಿ ಬಂದ.

ಅದು ಅಚ್ಚಾದ ದಿನ, ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ಪಕ್ಕದ ಮನೆಯ ಬರ್ನೀಸ್ ಬೇಲಿಯಾಚೆಯಿಂದ ಕೂಗಿದಳು: "ಏನ್ ಪ್ರೊಫೆಸರಮ್ಮ, ಕಟ್ಟಿಕೊಂಡವನನ್ನೇ ಪೇಪರಲ್ಲಿ ಕೊಚ್ಚಿ ಹಾಕಿದ್ರಲ್ಲ!"

ಚಿತ್ರೀಕರಣಕ್ಕೊಂದು ಹೆಸರು, ಬಿಡುಗಡೆಗೊಂದು ಹೆಸರು ಇಡುವುದು ಇಲ್ಲಿನ ವಾಡಿಕೆ. ನಾಲ್ಕು ತಿಂಗಳು ಊಟದ ಮೇಜಿನಲ್ಲಿ ಆರಿನ್ 'ಒಣ ಹಳ್ಳ' ಎಂದು ವರ್ಣಿಸಿದ್ದು ಇದನ್ನೇ. ನಾನು ಹೂಂಗುಟ್ಟಿದ್ದೆ. ಅವನ ಕೊನೆಯ ಚಿತ್ರ. ಅವನ ಹೆಸರು ತೆರೆಯ ಮೇಲೆ ಬಂದ ಒಂದೇ ಚಿತ್ರ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಆರಿನ್‌ನನ್ನು ಕೇಳಿದೆ.

"ಹೆಸರು ಬಂದಾಗ ನೀನೇ ನೋಡ್ಲಿ ಅಂದ್ಕೊಂಡೆ."

"ವಿಮರ್ಶೇನಾದ್ರೂ ಹರಿದು ಹಾಕಬಹುದಿತ್ತು."

"ವ್ಯಾಕರಣ ಸರಿಯಾಗಿತ್ತಲ್ಲ."

ಅಷ್ಟರಲ್ಲಿ ಚಿತ್ರ ನಮ್ಮೂರಿಂದ ಎತ್ತಂಗಡಿಯಾಗಿತ್ತು. ನೂರು ಮೈಲಿ ಬಸ್ಸಿನಲ್ಲಿ ಬೇಕರ್ಸ್‌ಫೀಲ್ಡ್‌ಗೆ ಒಬ್ಬಳೇ ಹೋದೆ. ವಿಧವೆ ಮೆಟ್ಟಿಲಿಳಿಯುವಾಗ ಅರ್ಧ ಮುಖಕ್ಕಷ್ಟೇ ಬೆಳಕು. ಬೆಳಕಿನಲ್ಲಿರುವ ಅರ್ಧ, ಪತ್ತೇದಾರನಿಗೆ ನಗು ತೋರಿಸುತ್ತದೆ. ಕತ್ತಲಲ್ಲಿರುವ ಅರ್ಧ ನಗುವುದೇ ಇಲ್ಲ. ಅದನ್ನು ಬೆಳಗಿಬಿಟ್ಟಿದ್ದರೆ ಅವನು ಮೋಸಹೋಗುವುದನ್ನು ಯಾರು ನಂಬುತ್ತಿದ್ದರು? ನನ್ನ ವಿಮರ್ಶೆಯಲ್ಲಿ ಈ ಮೆಟ್ಟಿಲೇ ಇರಲಿಲ್ಲ.

ಹೆಸರುಗಳು ಶುರುವಾದವು. ಬೇಕರ್ಸ್‌ಫೀಲ್ಡಿನವರಿಗೆ ಭಾವಮೈದುನರಿಲ್ಲ, ಎಲ್ಲರೂ ಎದ್ದರು, ಥಿಯೇಟರಿನ ದೀಪಗಳೆಲ್ಲ ಹೊತ್ತಿಕೊಂಡವು. ತೆರೆ ಬೆಳ್ಳಗಾಯಿತು, ಒಂದು ಹೆಸರೂ ಕಾಣದಂತೆ.

"ದೀಪ ಆರಿಸ್ರೀ!" ಎಂದು ಕಿರುಚಿದೆ.

"ಮುಗೀತು, ಅಜ್ಜಿ. ಕತ್ತಲಲ್ಲಿ ಎಡವಿಗಿಡವಿ ಬಿದ್ದೀರಿ," ಎಂದಳು ಪೊರಕೆ ಹಿಡಿದವಳು.

ಮನೆಗೆ ಬಂದಾಗ ಆರಿನ್ ಊಟಕ್ಕೆ ಕಾದಿದ್ದ.

"ನಿನ್ನ ಹೆಸರು ನೋಡಿದೆ," ಎಂದೆ. "ಬಿಳೀ ಅಕ್ಷರ, ಚೆನ್ನಾಗಿ ಕಾಣ್ತಿತ್ತು."

"ಹಳದಿ," ಎಂದ ಆರಿನ್, ನನ್ನ ತಟ್ಟೆಗೆ ಬಟಾಣಿ ಬಡಿಸುತ್ತ.