ಬಸ್ಸಿನಲ್ಲಿ ಏರಿದ ಸಕ್ಕರೆ

ಕೆಲವರಿಗೆ ಸಿಹಿ ತಿಂದರೆ ಸಕ್ಕರೆ ಏರುತ್ತದೆ. ನನಗೆ ಹಿಂದಿನ ಬಸ್ಸು ಹಾರ್ನ್ ಹಾಕಿದರೆ ಸಾಕು. ನಗುವುದಾದರೆ ನಗಿ, ನನ್ನ ಹೆಂಡತಿ ಸುಮತಿಯೂ ನಕ್ಕವಳೇ. ನಾನು ಕಾಪುವಿನಿಂದ ಮಣಿಪಾಲಕ್ಕೆ ಹೋಗುವ ಎಕ್ಸ್‌ಪ್ರೆಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಹಿಂದಿನದು ಮುಂದಾಯಿತೆಂದರೆ ಕಟಪಾಡಿಯಲ್ಲಿ ಕಾದು ನಿಂತ ಜನರೆಲ್ಲ ಅದರ ಪಾಲು. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಮನೆಯಲ್ಲಿ ಬೆರಳು ಚುಚ್ಚಿ ನೋಡಿದರೆ ನನ್ನ ಸಕ್ಕರೆ ಸಭ್ಯವಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಮಣಿಪಾಲಕ್ಕೆ ಹೋದರೆ ಮಾತ್ರ ಆಕಾಶಕ್ಕೆ. "ಇನ್ನೊಮ್ಮೆ ನೋಡುವ ಪೂಜಾರ್ರೆ, ಆಗಲೂ ಹೀಗೇ ಇದ್ದರೆ ಇಂಜೆಕ್ಷನ್ ಶುರು ಮಾಡಬೇಕಾಗ್ತದೆ" ಎಂದರು ಡಾಕ್ಟರಮ್ಮ. ದಿನವೂ ಸೂಜಿ ಚುಚ್ಚಿಕೊಳ್ಳುವುದೆಂದರೆ ನನಗೆ ಪ್ರಾಣ ಹೋದ ಹಾಗೆ.

"ಬರುವಾಗ ಎಂತ ಮಾಡಿದ್ರಿ?" ಎಂದು ಅವರು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟವಳು ಸುಮತಿ. "ಎಂತ ಹೇಳುವುದು ಡಾಕ್ಟ್ರೇ, ಬಸ್ಸಿನಲ್ಲಿ ಎದ್ದು ನಿಂತು ಡ್ರೈವರಿಗೆ 'ಬಿಡಬೇಡ, ಬಿಡಬೇಡ' ಅಂತ ಬೊಬ್ಬೆ. ಕಂಡಕ್ಟರ್ ಪಾಪ, ಸುಮ್ಮನೆ ಕೂತಿದ್ದ."

ಡಾಕ್ಟರಮ್ಮ ವಿವರಿಸಿದರು. ಮೂತ್ರಪಿಂಡದ ಮೇಲೆ ಅಡ್ರಿನಲ್ ಎಂಬ ಗ್ರಂಥಿ ಉಂಟಂತೆ. ಉದ್ವೇಗವಾದಾಗ ಅದು ಬಿಡುವ ಅಡ್ರಿನಲಿನ್, ಮೇದೋಜೀರಕದ ಜೀವಕೋಶಗಳು ಇನ್ಸುಲಿನ್ ಬಿಡದಂತೆ ತಡೆಯುತ್ತದಂತೆ. ಆ ಹೊತ್ತಿಗೇ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದಂತೆ. ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಅಡ್ರಿನಲಿನ್ ಒಂದೇ ಸೀಟಿ ಊದಿದೆ, ಇನ್ಸುಲಿನ್ ನಿಂತಿದೆ. ಸಕ್ಕರೆ ಮಾತ್ರ ಹತ್ತುತ್ತಲೇ ಇದೆ.

ಮುಂದಿನ ಸಲ ಸುಮತಿ ನನ್ನನ್ನು ಸರ್ವಿಸ್ ಬಸ್ಸಿಗೆ ಹತ್ತಿಸಿದಳು. ಅದು ಕೈ ತೋರಿಸಿದವರಿಗೆಲ್ಲ ನಿಂತಿತು. ನಾನು ಕಣ್ಣು ಮುಚ್ಚಿ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಉದ್ಯಾವರದ ಹತ್ತಿರ ಪಕ್ಕದಲ್ಲೇ ಪರಿಚಿತ ಹಾರ್ನ್ ಕೇಳಿಸಿತು. ನೋಡಿದರೆ ನನ್ನ ಹಳೆಯ ಬಸ್ಸು! ಅದರ ಬೆನ್ನಿಗೇ, ನಾನು ಅಷ್ಟು ವರ್ಷ ಮುಂದೆ ಹೋಗಲು ಬಿಡದಿದ್ದ ಎದುರಾಳಿ ಬಸ್ಸು. ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ಕಿಟಕಿಯಿಂದ ಅರ್ಧ ಹೊರಗೆ ಹೋಗಿದ್ದ ನನ್ನನ್ನು ಅಂಗಿ ಹಿಡಿದು ಒಳಗೆಳೆದದ್ದು ತಾನೇ ಎಂದು ಸುಮತಿ ಹೇಳುತ್ತಾಳೆ.

ಡಾಕ್ಟರಮ್ಮ ರಿಪೋರ್ಟ್ ನೋಡಿದರು, ಸುಮತಿಯ ಮುಖ ನೋಡಿದರು. "ಇದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ರಕ್ತ ತೆಗೆಯಲಿಕ್ಕೆ ಮನೆಗೇ ಜನ ಕಳಿಸ್ತೇನೆ. ಇಂಜೆಕ್ಷನ್ ಬೇಕೋ ಬೇಡವೋ ಆಮೇಲೆ ಹೇಳುವ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಮೊನ್ನೆ ಬೆಳಗ್ಗೆ ರಕ್ತ ತೆಗೆಯುವ ಹುಡುಗಿ ಬಂದಳು. ನಾನು ಶಾಂತನಾಗಿ ಕೈ ಚಾಚಿದೆ. ಸುಮ್ಮನೆ ಕೂರಲಾಗದೆ, ಯಾವುದರಲ್ಲಿ ಬಂದೆಯಮ್ಮ ಎಂದು ವಿಚಾರಿಸಿದೆ. ನನ್ನ ಹಳೆಯ ಬಸ್ಸಿನ ಹೆಸರನ್ನೇ ಹೇಳಿದಳು.

"ಹೌದಾ! ಕಟಪಾಡಿಗೆ ಮೊದಲು ಮುಟ್ಟಿದ್ದು ಯಾರು?"

ಹುಡುಗಿ ಬಾಯಿ ತೆರೆದಳು. "ಸ್ವಲ್ಪ ನಿಲ್ಲು ಮಾರಾಯ್ತಿ" ಎಂದಳು ಸುಮತಿ, "ಮೊದಲು ರಕ್ತ ತೆಗಿ. ಉತ್ತರ ಆಮೇಲೆ ಹೇಳು."