ನಾಲ್ಕು ಬೆರಳಿನ ಸಂದು, ಐದು ಕಿಲೋ ಭಾರ

ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಊರವರ ಕರಡು ತಿದ್ದಿ ತಿದ್ದಿ ಪಂಡಿತರ (ಅಡ್ಡಹೆಸರು ಹೆಂಡತಿಯ ಕೊಡುಗೆ) ಬಲಭುಜ ಹಿಡಿದುಕೊಂಡಿತು. "ದಿನಾ ಐದು ಕಿಲೋ ಎತ್ತಿ. ಇಲ್ದಿದ್ರೆ ಆಮೇಲೆ ಆ ಕೈ ಏಳೋದೇ ಇಲ್ಲ," ಎಂದು ಡಾಕ್ಟರು ಹೆದರಿಸಿ ಕಳಿಸಿದರು.

ಎತ್ತಲು ಪಂಡಿತರು ಸಿದ್ಧ, ಎತ್ತಿದ್ದನ್ನು ಇಡಲು ಮನೆಯಲ್ಲಿ ಜಾಗವಿಲ್ಲ. ಮಂಚದಡಿ ಎರಡು ಟ್ರಂಕುಗಳ ನಡುವೆ ನಾಲ್ಕು ಬೆರಳಿನ ಸಂದು ಹೆಂಡತಿಯಿಂದ ಮಂಜೂರಾಯಿತು.

"ಅದ್ರಲ್ಲಿ ಹಿಡಿಸಿದ್ರೆ ಸರಿ. ಇಲ್ಲಾಂದ್ರೆ ನಿಮ್ ಭಾರಾನೂ ಹೊರಗೆ, ನೀವೂ ಹೊರಗೆ."

ಲೋಹಶಾಸ್ತ್ರದ ಘೋರ ಅಧ್ಯಯನ ಆರಂಭವಾಯಿತು. ಕಬ್ಬಿಣ ಐದು ಬೆರಳು ಕೇಳಿತು. ಟಂಗ್‌ಸ್ಟನ್ನಿನ ಬೆಲೆ ಕೇಳಿದಾಗ ಎಡಭುಜವೂ ಹಿಡಿದುಕೊಂಡಿತು. ಚಿನ್ನ ಸಾಕಷ್ಟು ಭಾರವೇ. ಆದರೆ ಹೆಂಡತಿಯ ಕತ್ತಿನಿಂದ ಅದನ್ನು ಎತ್ತುವ ಶಕ್ತಿ ಯಾವ ಭುಜಕ್ಕಿದೆ? ಕೊನೆಗೆ ಉಳಿದದ್ದು ಸೀಸ. ವಿಷ ಎಂದು ಕೂಗಾಡುವಳೆಂದು ಹೆಂಡತಿಗೆ ಹೇಳಲಿಲ್ಲ. ಗುಜರಿಯವನು ಬರುವುದು ಮಧ್ಯಾಹ್ನ. ಅವನಿಗೆಂದು ಅವಸರದಲ್ಲಿ ಚೀಟಿ ಬರೆದು, ಮಡಿಸಿ, ಅವಳ ಕೈಗಿತ್ತು ಕೆಲಸಕ್ಕೆ ಓಡಿದರು.

ಸಂಜೆ ಸುಸ್ತಾಗಿ ಮೂರು ಮಹಡಿ ಹತ್ತಿ ಬಂದರೆ ಬಾಗಿಲು ಅರ್ಧವೇ ತೆರೆಯಿತು. ಒಳಗೆ ಒಂಬತ್ತು ಗೋಣಿಚೀಲ ಖಾಲಿ ಬಾಟಲಿ. ಹತ್ತನೆಯದನ್ನು ಹೊತ್ತು ಗುಜರಿಯವನು ಹಿಂದೆಯೇ ಏದುಸಿರು ಬಿಡುತ್ತ ಬಂದ.

"ಏನಯ್ಯಾ ಇದು? ಅಕ್ಷರ ಗೊತ್ತಿಲ್ಲದವನಿಗೆ ಚೀಟಿ ಬರೆದಿದ್ದೇ ತಪ್ಪಾಯ್ತು!"

"ಅಕ್ಷರ ನೋಡೇ ತಂದಿದ್ದು ಸ್ವಾಮಿ," ಎಂದು ಅವನು ಬೆವರಿಗೆ ಒದ್ದೆಯಾದ ಚೀಟಿ ಚಾಚಿದ.

ಪಂಡಿತರದೇ ಮುತ್ತಿನಂಥ ಅಕ್ಷರ: "ಸೀಸೆ ಬೇಕು. ಇದ್ದಷ್ಟೂ ತನ್ನಿ, ಆರಿಸಿಕೊಳ್ಳುತ್ತೇನೆ." ಸೀಸದ ಕೊನೆಗೆ ಎಲ್ಲಿಂದಲೋ ಒಂದು ಎತ್ವ ಬಂದು ಕೂತಿತ್ತು. ಊರವರ ತಪ್ಪನ್ನೆಲ್ಲ ಹೆಕ್ಕಿದ ಕಣ್ಣಿಗೆ ತನ್ನದು ಕಂಡಿರಲಿಲ್ಲ.

"ನೀನಾದ್ರೂ ತಡೀಬಾರ್ದಿತ್ತೇನೇ?"

"ನಿಮ್ ಬರವಣಿಗೇಲಿ ತಪ್ಪು ಹಿಡಿಯೋ ಧೈರ್ಯ ನನಗೆಲ್ಲಿದೆ? ನೀರು ತುಂಬಿ ಎತ್ತೋಕಿರ್ಬೇಕು ಅಂದ್ಕೊಂಡೆ."

ಪಂಡಿತರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಹಣೆ ಚಚ್ಚಿಕೊಳ್ಳಲು ಹೋದರೆ ಬಲಗೈ ಅರ್ಧಕ್ಕೇ ನಿಂತಿತು.

ಹೆಂಡತಿ ಒಂದು ಚೀಲದ ಬಾಯಿ ಕಟ್ಟಿ ಅವರ ಕಾಲ ಬಳಿ ತಳ್ಳಿದಳು.

"ಡಾಕ್ಟ್ರು ನಿಮ್ಗೆ ಹೇಳಿದ್ದು ಎತ್ತು ಅಂತ ಕಣ್ರೀ, ಎತ್ವ ಅಂತಲ್ಲ. ಹೂಂ, ಎತ್ತಿ. ಹತ್ತು ಚೀಲಾನೂ ಕೆಳಗಿಳೀಬೇಕು."